ಎಲ್‌ಡಿಎಚ್ ಪಕ್ಕದಲ್ಲಿ ಬರೆಯದೆ ಬಿಟ್ಟ ಅಂಕಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಈ ಪತ್ರವನ್ನು ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಇದೆ. ತಾಲ್ಲೂಕು ಆಸ್ಪತ್ರೆಗಳು, ಎಷ್ಟೋ ಜಿಲ್ಲಾ ಆಸ್ಪತ್ರೆಗಳು ಆರೋಗ್ಯ ಇಲಾಖೆಗೆ ಸೇರಿದವು. ಕಿದ್ವಾಯಿ ಸಂಸ್ಥೆ ಮತ್ತು ಸರ್ಕಾರಿ ಮೆಡಿಕಲ್ ಕಾಲೇಜುಗಳು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದವು. ನಾನು ಹೇಳಬೇಕಾದ ತೊಂದರೆ ಇರೋದು ಈ ಎರಡರ ಮಧ್ಯೆ. ಒಬ್ಬರಿಗೆ ಮಾತ್ರ ಬರೆದರೆ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಅಂತ ಇನ್ನೊಬ್ಬರ ಕಡೆ ಕಳಿಸುತ್ತಾರೆ.

ನಾನು ವೈದ್ಯನಲ್ಲ. ಜಿಲ್ಲಾ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಾಲಜಿಸ್ಟ್. ರಕ್ತ ತೆಗೆಯೋದು, ಮೆಷಿನ್‌ಗೆ ಹಾಕೋದು, ರಿಪೋರ್ಟ್ ಕೊಡೋದು ನನ್ನ ಕೆಲಸ. ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ಯಾವ ಔಷಧ ಕೊಡಬೇಕು ಅಂತ ನಾನು ಹೇಳಲಾರೆ. ಆದರೆ ಆ ರೋಗಿಯ ಮೊದಲ ರಕ್ತ ಬಹಳ ಸಲ ನಮ್ಮಂಥವರ ಕೈಗೇ ಬರುತ್ತದೆ. ಅವರು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಬಾಗಿಲು ನೋಡೋದು ಅದಾಗಿ ಎಷ್ಟೋ ವಾರಗಳ ಮೇಲೆ. ಚಿಕಿತ್ಸೆ ಶುರುವಾಗುವ ಮೊದಲಿನ ಆ ರಕ್ತದಲ್ಲಿ ಇರುವ ಮಾಹಿತಿ ಆಮೇಲೆ ಬೇಕೆಂದರೂ ಸಿಗುವುದಿಲ್ಲ. ನಮ್ಮ ವ್ಯವಸ್ಥೆ ಅದನ್ನು ಅರ್ಧ ಬರೆದು, ಅರ್ಧ ಬಿಟ್ಟು, ಕೆಲವು ಸಲ ಕೆಡಿಸಿ ಮುಂದಕ್ಕೆ ಕಳಿಸುತ್ತಿದೆ. ಇದನ್ನು ಸರಿ ಮಾಡೋಕೆ ಕೋಟಿಗಟ್ಟಲೆ ದುಡ್ಡು ಬೇಡ. ಎರಡೂ ಇಲಾಖೆ ಸೇರಿ ಹೊರಡಿಸುವ ಒಂದು ಸುತ್ತೋಲೆ ಮತ್ತು ರೋಗಿಯ ಜೊತೆ ಹೋಗುವ ಒಂದು ಹಾಳೆ ಬೇಕು. ನನ್ನ ಬೇಡಿಕೆ ಇಷ್ಟೇ. ಯಾಕೆ ಬೇಕು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಅಂತ ಒಂದು ಜಾತಿ. ಅದಕ್ಕೆ ಬರುವ ಕ್ಯಾನ್ಸರೇ ಲಿಂಫೋಮಾ. ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಜೊತೆಯಲ್ಲಿ ಬಿಟ್ಟುಬಿಟ್ಟು ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ತೂಕ ಇಳಿಯೋದು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿದ್ದ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಇದರ ಒಂದು ಬಗೆಯನ್ನು ವಿವರಿಸಿದರು. ಅದಕ್ಕೆ ಅವರ ಹೆಸರೇ ಉಳಿಯಿತು. ಮಿಕ್ಕ ಹತ್ತಾರು ಬಗೆಗಳನ್ನು ಒಟ್ಟಿಗೆ ನಾನ್-ಹಾಡ್ಜ್‌ಕಿನ್ ಅನ್ನುತ್ತಾರೆ. ಅದರಲ್ಲಿ ಜಾಸ್ತಿ ಕಾಣುವುದು ಡಿಎಲ್‌ಬಿಸಿಎಲ್, ಬೇಗ ಬೆಳೆಯುವ ಜಾತಿ.

ಕ್ಯಾನ್ಸರ್ ಅಂದ ಕೂಡಲೇ ನಮ್ಮ ಜನ ಕೈಚೆಲ್ಲುತ್ತಾರೆ. ಲಿಂಫೋಮಾ ವಿಷಯದಲ್ಲಿ ಹಾಗೆ ಮಾಡೋದು ದೊಡ್ಡ ಅನ್ಯಾಯ. ಡಿಎಲ್‌ಬಿಸಿಎಲ್‌ಗೆ ಕೊಡುವ ಆರ್-ಚಾಪ್ ಎಂಬ ಐದು ಔಷಧಗಳ ಚಿಕಿತ್ಸೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆಯಂತೆ ಆರು ಸುತ್ತು. ಅದರಿಂದ ನೂರಕ್ಕೆ ಸುಮಾರು ಅರವತ್ತು ಜನ ಗುಣವಾಗುತ್ತಾರೆ. ಹಾಡ್ಜ್‌ಕಿನ್‌ನಲ್ಲಿ ಇನ್ನೂ ಜಾಸ್ತಿ. ಆರ್-ಚಾಪ್‌ನ ಮುಖ್ಯ ಔಷಧ ರಿಟಕ್ಸಿಮ್ಯಾಬ್. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲಿ ಅದರದೇ ಮಾದರಿಯ ದೇಶಿ ಔಷಧ ತಂದಮೇಲೆ ನಮ್ಮ ಕಡೆಯ ರೋಗಿಗಳಿಗೂ ಅದು ಕೈಗೆಟುಕುವಂತಾಯಿತು.

ಇನ್ನು ರಕ್ತ ಪರೀಕ್ಷೆಗೆ ಬರೋಣ. ಒಂದೇ ಕಾಯಿಲೆ, ಒಂದೇ ಔಷಧ, ಆದರೂ ಒಬ್ಬರು ಗುಣವಾಗುತ್ತಾರೆ, ಇನ್ನೊಬ್ಬರಿಗೆ ಮರುಕಳಿಸುತ್ತದೆ. ಯಾರಿಗೆ ಅಪಾಯ ಜಾಸ್ತಿ ಅಂತ ಮೊದಲೇ ಅಂದಾಜು ಮಾಡುವುದು ಹೇಗೆ? 1993ರಲ್ಲಿ ಅಮೆರಿಕ, ಕೆನಡಾ, ಯುರೋಪಿನ ಸಂಸ್ಥೆಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ ಐಪಿಐ ಎಂಬ ಲೆಕ್ಕ ಮಾಡಿದವು. ಅದರಲ್ಲಿ ಐದೇ ಪ್ರಶ್ನೆ. ವಯಸ್ಸು 60 ದಾಟಿದೆಯಾ? ಕಾಯಿಲೆ ಮೂರನೇ ಅಥವಾ ನಾಲ್ಕನೇ ಹಂತದಲ್ಲಿದೆಯಾ? ದುಗ್ಧಗ್ರಂಥಿಗಳ (ಕುತ್ತಿಗೆ, ಕಂಕುಳಿನಂಥ ಕಡೆ ಇರುವ ಲಿಂಫ್ ಗ್ರಂಥಿಗಳ) ಹೊರಗೆ ಒಂದಕ್ಕಿಂತ ಹೆಚ್ಚು ಕಡೆ ಹಬ್ಬಿದೆಯಾ? ಕೆಲಸ ಮಾಡಲಾಗದಷ್ಟು ನಿತ್ರಾಣವಿದೆಯಾ? ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಮಾಮೂಲಿಗಿಂತ ಜಾಸ್ತಿ ಇದೆಯಾ? ಒಂದೊಂದು ಹೌದಿಗೆ ಒಂದೊಂದು ಅಂಕ. ಸೊನ್ನೆ ಅಥವಾ ಒಂದು ಅಂಕ ಬಂದವರಲ್ಲಿ ಐದು ವರ್ಷದ ಮೇಲೆ ಬದುಕಿದ್ದವರು ಶೇ. 73. ನಾಲ್ಕು ಅಥವಾ ಐದು ಬಂದವರಲ್ಲಿ ಶೇ. 26. ಎಷ್ಟೋ ಹೊಸ ಪರೀಕ್ಷೆಗಳು ಬಂದ ಮೇಲೂ ಈ ಲೆಕ್ಕವನ್ನು ಜಗತ್ತಿನ ಎಲ್ಲಾ ಕಡೆ ಇವತ್ತಿಗೂ ಬಳಸುತ್ತಾರೆ.

ಹಾಡ್ಜ್‌ಕಿನ್‌ಗೆ ಬೇರೆ ಲೆಕ್ಕ. ಕಾಯಿಲೆ ಮುಂದುವರಿದ ರೋಗಿಗಳಿಗೆಂದು 1998ರಲ್ಲಿ ಬಂದದ್ದು. 25 ಕೇಂದ್ರಗಳು ಮತ್ತು ಅಧ್ಯಯನ ಗುಂಪುಗಳ 5,141 ರೋಗಿಗಳ ಮಾಹಿತಿ ಕಲೆಹಾಕಿ ಏಳು ಅಂಶ ಆರಿಸಿದರು. ಅವುಗಳಲ್ಲಿ ನಾಲ್ಕು ನಮ್ಮ ಲ್ಯಾಬ್‌ನಲ್ಲಿ ದಿನಾ ಮಾಡುವಂಥವು: ಆಲ್ಬುಮಿನ್ 4 ಗ್ರಾಂಗಿಂತ ಕಡಿಮೆ, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಬಿಳಿ ರಕ್ತಕಣ 15,000 ಅಥವಾ ಅದಕ್ಕಿಂತ ಜಾಸ್ತಿ, ಲಿಂಫೋಸೈಟ್ 600ಕ್ಕಿಂತ ಅಥವಾ ಶೇ. 8ಕ್ಕಿಂತ ಕಡಿಮೆ. ಮಿಕ್ಕ ಮೂರು ವಯಸ್ಸು, ಗಂಡಸಾಗಿರೋದು, ನಾಲ್ಕನೇ ಹಂತ. ಏಳರಲ್ಲಿ ಒಂದೂ ಇಲ್ಲದವರಲ್ಲಿ ಐದು ವರ್ಷ ಕಾಯಿಲೆ ಮುಂದುವರಿಯದೆ ಇದ್ದವರು ಶೇ. 84, ಐದೋ ಹೆಚ್ಚೋ ಇದ್ದವರಲ್ಲಿ ಶೇ. 42. ಆರಂಭದ ಹಂತದ ಹಾಡ್ಜ್‌ಕಿನ್‌ನಲ್ಲಂತೂ ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ ಒಂದು ಗಂಟೆಯಲ್ಲಿ ಕೆಂಪು ಕಣ ಎಷ್ಟು ಕೆಳಗಿಳಿಯಿತು ಅಂತ ನೋಡುವ ಇಎಸ್‌ಆರ್‌ಗೂ ಸ್ಥಾನ ಇದೆ. ಜ್ವರ, ಬೆವರು, ತೂಕ ಇಳಿತ ಇಲ್ಲದವರಿಗೆ 50, ಇದ್ದವರಿಗೆ 30 ಮುಟ್ಟಿದರೆ ಯುರೋಪಿನ ವೈದ್ಯರು ಆ ರೋಗಿಯನ್ನು ಹೆಚ್ಚು ಚಿಕಿತ್ಸೆ ಬೇಕಾದ ಗುಂಪಿಗೆ ಸೇರಿಸುತ್ತಾರೆ. ‘ಇಎಸ್‌ಆರ್ ಹಳೇ ಕಾಲದ ಟೆಸ್ಟು’ ಅಂತ ಮೂಗು ಮುರಿಯುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಮಳೆಗಾಲದಲ್ಲಿ ನಮ್ಮ ಲ್ಯಾಬ್‌ಗೆ ಬಂದು ನೋಡಿ. ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ಡೆಂಗಿ ಇದೆಯಾ ಇಲ್ಲವಾ, ಅಷ್ಟೇ. ಮಿಕ್ಕ ಸಾಲುಗಳನ್ನು ಓದುವವರಿಲ್ಲ.

ಈಗ ತಪ್ಪುವ ಜಾಗಗಳನ್ನು ಹೇಳುತ್ತೇನೆ. ಮೊದಲನೆಯದು ಎಲ್‌ಡಿಎಚ್. ಇದು ದೇಹದ ಬಹುತೇಕ ಎಲ್ಲಾ ಕಣಗಳ ಒಳಗೆ ಇರುವ ಕಿಣ್ವ. ಕಣ ಒಡೆದರೆ ರಕ್ತಕ್ಕೆ ಸೋರುತ್ತದೆ. ಗಡ್ಡೆ ಬೇಗ ಬೆಳೆಯುತ್ತಾ, ಕಣಗಳು ಹುಟ್ಟಿ ಸಾಯುತ್ತಾ ಇದ್ದರೆ ಎಲ್‌ಡಿಎಚ್ ಏರುತ್ತದೆ. ಹಾಗಾಗಿ ಗಡ್ಡೆಯ ಹೊರೆ ಎಷ್ಟು, ಆರ್ಭಟ ಎಷ್ಟು ಅನ್ನುವುದಕ್ಕೆ ಇದೊಂದು ಅಗ್ಗದ ಗುರುತು. ಆದರೆ ಕೆಂಪು ರಕ್ತಕಣದ ಒಳಗೂ ಎಲ್‌ಡಿಎಚ್ ಇದೆ, ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ದ್ರವದಲ್ಲಿ) ಇರುವುದಕ್ಕಿಂತ ನೂರು ಪಟ್ಟಿಗೂ ಜಾಸ್ತಿ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬ್ ಕುಲುಕಿದರೆ, ಸೀರಮ್ ಬೇರ್ಪಡಿಸದೆ ಹೊಂಡ ಬಿದ್ದ ರಸ್ತೆಯಲ್ಲಿ ಬೈಕ್ ಬಾಕ್ಸಿನಲ್ಲಿ ಹಾಕಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದರೆ ಕೆಂಪು ಕಣ ಒಡೆಯುತ್ತದೆ. ಸೀರಮ್ ತಿಳಿ ಹಳದಿ ಇರಬೇಕಾದದ್ದು ಗುಲಾಬಿ ಆಗುತ್ತದೆ. ಎಲ್‌ಡಿಎಚ್ ಸುಮ್ನೆ ಏರಿ ಕೂರುತ್ತದೆ. ಆ ರೋಗಿಗೆ ಇಲ್ಲದ ಒಂದು ಅಂಕ ಸೇರಿತು, ಅಲ್ವಾ? ‘ಫ್ರಿಜ್‌ನಲ್ಲಿ ಇಟ್ಟಿದ್ದೆವು ಸಾರ್, ಕೆಟ್ಟಿಲ್ಲ’ ಅನ್ನುತ್ತಾರೆ. ಎಲ್‌ಡಿಎಚ್‌ನ ಕೆಲವು ರೂಪಗಳು ತಂಪಿಗೇ ಕೆಡುತ್ತವೆ. ಆಗ ಅಂಕಿ ಉಲ್ಟಾ ಕಡೆಗೆ ಸುಳ್ಳು ಹೇಳುತ್ತದೆ.

ಸೀರಮ್ ಗುಲಾಬಿ ಆಗಿತ್ತು ಅಂತ ನೋಡಿದ ಟೆಕ್ನಿಷಿಯನ್‌ಗೆ ಗೊತ್ತು. ಆದರೆ ರಿಪೋರ್ಟಿನಲ್ಲಿ ಅದನ್ನು ಬರೆಯುವ ಜಾಗವೇ ಇಲ್ಲ. ರೋಗಿಯನ್ನು ಮತ್ತೆ ಕರೆಸಿ ರಕ್ತ ತೆಗೆಯಬೇಕು, ಅವರು ಆಗಲೇ ಬಸ್ ಹತ್ತಿರುತ್ತಾರೆ.

ಎಲ್‌ಡಿಎಚ್‌ದೇ ಇನ್ನೊಂದು ಸಮಸ್ಯೆ ಇದೆ. ಈ ಪತ್ರಕ್ಕೆ ಶೀರ್ಷಿಕೆ ಕೊಟ್ಟದ್ದು ಅದೇ. ಈ ಪರೀಕ್ಷೆಯನ್ನು ಎರಡು ವಿಧಾನದಲ್ಲಿ ಮಾಡುತ್ತಾರೆ. ಒಂದರಲ್ಲಿ ಬರುವ ಅಂಕಿ ಇನ್ನೊಂದರ ಸುಮಾರು ಎರಡರಷ್ಟು. ಹಾಗಾಗಿ ಒಂದು ಲ್ಯಾಬ್‌ನಲ್ಲಿ ಮಾಮೂಲಿ ಮಿತಿ 250ರ ಆಸುಪಾಸು, ಇನ್ನೊಂದರಲ್ಲಿ 460. ರೋಗಿಯ ರಿಪೋರ್ಟ್ 400 ಅಂತಿಟ್ಟುಕೊಳ್ಳಿ. ಒಂದು ಲ್ಯಾಬ್ ಪ್ರಕಾರ ಅದು ಮಿತಿಯ ಒಂದೂವರೆ ಪಟ್ಟಿಗೂ ಜಾಸ್ತಿ, ಇನ್ನೊಂದರ ಪ್ರಕಾರ ಪೂರ್ತಿ ಮಾಮೂಲಿ. ಕಂಪ್ಯೂಟರ್ ರಿಪೋರ್ಟಿನಲ್ಲಿ ಮಿತಿ ಅಚ್ಚಾಗಿರುತ್ತದೆ, ಸರಿ. ಆದರೆ ರೆಫರಲ್ ಚೀಟಿಯಲ್ಲಿ, ಕೇಸ್ ಶೀಟಿನಲ್ಲಿ, ಡಿಸ್ಚಾರ್ಜ್ ಸಮರಿಯಲ್ಲಿ ಕೈಯಲ್ಲಿ ಬರೆಯುವಾಗ ‘ಎಲ್‌ಡಿಎಚ್ 400’ ಅಂತ ಮಾತ್ರ ಬರೆಯುತ್ತಾರೆ. ಯಾವ ಲ್ಯಾಬ್, ಮಿತಿ ಎಷ್ಟು, ಏನೂ ಇರುವುದಿಲ್ಲ. ಮೂಲ ರಿಪೋರ್ಟ್ ಕಳೆದುಹೋಗಿರುತ್ತದೆ. ಐಪಿಐ ಕೇಳುವುದು ಮಿತಿ ದಾಟಿದೆಯಾ ಅಂತ. 2014ರಲ್ಲಿ ಬಂದ ಅದರ ಪರಿಷ್ಕೃತ ರೂಪ, ಎನ್‌ಸಿಸಿಎನ್-ಐಪಿಐ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಿತಿಯ ಎಷ್ಟು ಪಟ್ಟು ಅಂತ ಕೇಳುತ್ತದೆ. ಮಿತಿ ದಾಟಿ ಮೂರು ಪಟ್ಟಿನ ಒಳಗಿದ್ದರೆ ಒಂದು ಅಂಕ, ಮೂರು ಪಟ್ಟು ದಾಟಿದರೆ ಎರಡು. ಮಿತಿ ಬರೆಯದ 400ರಿಂದ ಯಾವ ಕ್ಯಾನ್ಸರ್ ತಜ್ಞರೂ ಏನೂ ಮಾಡಲಾಗದು.

ಎರಡನೆಯದು ಸಿಬಿಸಿ. ರಿಪೋರ್ಟಿನಲ್ಲಿ ಲಿಂಫೋಸೈಟ್ ಶೇ. 10 ಅಂತ ಇರುತ್ತದೆ. ಅಷ್ಟೇ ನೋಡಿದರೆ ಏನೂ ಗೊತ್ತಾಗದು. ಒಟ್ಟು ಬಿಳಿ ಕಣ 5,000 ಆದರೆ ಲಿಂಫೋಸೈಟ್ 500, ಅಂದರೆ 600ರ ಗೆರೆಗಿಂತ ಕೆಳಗೆ. ಒಟ್ಟು 12,000 ಆದರೆ 1,200, ಗೆರೆಗಿಂತ ಬಹಳ ಮೇಲೆ. ಗುಣಾಕಾರ ಮಾಡಿ ಒಟ್ಟು ಸಂಖ್ಯೆ ಬರೆದುಬಿಟ್ಟರೆ ಮುಗಿಯಿತು. ಮೆಷಿನ್ ಅದನ್ನು ಲೆಕ್ಕ ಹಾಕಿಯೇ ಇಟ್ಟಿರುತ್ತದೆ, ಪ್ರಿಂಟ್ ಫಾರ್ಮ್ಯಾಟಿನಲ್ಲಿ ಮಾತ್ರ ಇರುವುದಿಲ್ಲ.

ಈಚೆಗೆ ಇದೇ ಸಿಬಿಸಿಯಿಂದ ಹೊಸ ಅನುಪಾತಗಳನ್ನು ಹುಡುಕುವ ಕೆಲಸ ಜೋರಾಗಿದೆ. ನ್ಯೂಟ್ರೋಫಿಲ್, ಮೋನೋಸೈಟ್ ಕೂಡ ಬಿಳಿ ರಕ್ತಕಣಗಳ ಜಾತಿಗಳೇ. ನ್ಯೂಟ್ರೋಫಿಲ್ ಅನ್ನು ಲಿಂಫೋಸೈಟ್‌ನಿಂದ ಭಾಗಿಸೋದು, ಲಿಂಫೋಸೈಟ್ ಅನ್ನು ಮೋನೋಸೈಟ್‌ನಿಂದ ಭಾಗಿಸೋದು, ಪ್ಲೇಟ್‌ಲೆಟ್ ಅನ್ನು ಲಿಂಫೋಸೈಟ್‌ನಿಂದ ಭಾಗಿಸೋದು. ಆಲ್ಬುಮಿನ್ ಮತ್ತು ಲಿಂಫೋಸೈಟ್ ಸೇರಿಸಿ ಪೋಷಣೆಯ ಸೂಚ್ಯಂಕ ಅಂತ ಮಾಡುತ್ತಾರೆ. ಉರಿಯೂತ ಇದ್ದರೆ ಏರುವ ಸಿಆರ್‌ಪಿ ಮತ್ತು ಆಲ್ಬುಮಿನ್ ಸೇರಿಸಿ ಇನ್ನೊಂದು ಅಂಕ. ಇದರ ಹಿಂದಿನ ಯೋಚನೆ ಸರಿಯಾಗಿಯೇ ಇದೆ. ಲಿಂಫೋಸೈಟ್ ದೇಹದ ಪ್ರತಿರೋಧದ ಗುರುತು, ಕಡಿಮೆಯಾದರೆ ಒಳ್ಳೆಯದಲ್ಲ. ಮೋನೋಸೈಟ್‌ಗಳು ಗಡ್ಡೆಯೊಳಗೆ ಸೇರಿ ಅದಕ್ಕೇ ಸಹಾಯ ಮಾಡುವುದುಂಟು. ಆಲ್ಬುಮಿನ್ ಇಳಿಯೋದು ಊಟ ಕಡಿಮೆಯಾದದ್ದಕ್ಕೆ ಮಾತ್ರ ಅಲ್ಲ. ದೇಹದಲ್ಲಿ ಉರಿಯೂತ ಇದ್ದರೆ ಲಿವರ್ ಅದರ ತಯಾರಿಕೆಯನ್ನೇ ಇಳಿಸುತ್ತದೆ.

ಆದರೆ ಒಂದು ಎಚ್ಚರ ಬೇಕು. ಇಂಥ ಅಧ್ಯಯನಗಳಲ್ಲಿ ಬಹಳಷ್ಟು ಹಳೇ ಫೈಲ್‌ಗಳನ್ನು ತೆಗೆದು ನೋಡಿ ಮಾಡಿದವು. ಒಂದೊಂದು ಆಸ್ಪತ್ರೆಗೆ ಒಂದೊಂದು ಗೆರೆ. ಒಬ್ಬರು ಅನುಪಾತ 3 ದಾಟಿದರೆ ಅಪಾಯ ಅಂದರೆ ಇನ್ನೊಬ್ಬರು 4 ಅನ್ನುತ್ತಾರೆ. ತಮ್ಮ ರೋಗಿಗಳ ಮಾಹಿತಿಯಲ್ಲೇ ಗೆರೆ ಹುಡುಕಿ, ಅದೇ ರೋಗಿಗಳಿಗೆ ಅದು ಹೊಂದುತ್ತದೆ ಅಂತ ತೋರಿಸಿದರೆ ಅದರಲ್ಲಿ ಏನು ಹೆಚ್ಚುಗಾರಿಕೆ? ಜೊತೆಗೆ ಇನ್ನೊಂದು ವಿಷಯ. ಚಿಕ್ಕ ಆಸ್ಪತ್ರೆಗಳಲ್ಲಿ ಇರುವ ಮೂರು ಭಾಗದ ಕೌಂಟರ್ ಮೆಷಿನ್ ಮೋನೋಸೈಟ್, ಇಯೋಸಿನೋಫಿಲ್, ಬೇಸೋಫಿಲ್ ಎಲ್ಲವನ್ನೂ ‘ಮಿಡ್’ ಅಂತ ಒಂದೇ ಚೀಲಕ್ಕೆ ಹಾಕುತ್ತದೆ. ಜಂತುಹುಳ, ಅಲರ್ಜಿ, ಉಬ್ಬಸ ಇರುವ ನಮ್ಮ ಜನರಲ್ಲಿ ಇಯೋಸಿನೋಫಿಲ್ ಏರಿರೋದು ಮಾಮೂಲು. ಆ ‘ಮಿಡ್’ ಅನ್ನು ಮೋನೋಸೈಟ್ ಅಂತ ತಿಳಿದು ಭಾಗಿಸಿದರೆ ಉತ್ತರ ಪೂರ್ತಿ ತಪ್ಪು. ಐದು ಭಾಗದ ಮೆಷಿನ್ ಇಲ್ಲದ ಕಡೆ ಗಾಜಿನ ಸ್ಲೈಡ್ ಮೇಲೆ ರಕ್ತ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು. ಅದಕ್ಕೆ ಕೈ ಬೇಕು, ಸಮಯ ಬೇಕು. ಲ್ಯಾಬ್‌ಗಳಲ್ಲಿ ಖಾಲಿ ಬಿದ್ದಿರುವ ಹುದ್ದೆಗಳ ಬಗ್ಗೆ ಬೇರೆಯೇ ಪತ್ರ ಬರೆಯಬೇಕು, ಇಲ್ಲಿ ಬೇಡ.

ಮೂರನೆಯದೇ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವುದು. ಸ್ಟೀರಾಯ್ಡ್. ಕುತ್ತಿಗೆಯಲ್ಲಿ ಗಂಟು, ಜ್ವರ, ಸುಸ್ತು ಅಂತ ಬಂದವರಿಗೆ ಊರಿನ ಕ್ಲಿನಿಕ್‌ನಲ್ಲಿ ಒಂದು ಡೆಕ್ಸಾ ಇಂಜೆಕ್ಷನ್ ಬೀಳುತ್ತದೆ. ಹಸಿವಾಗುತ್ತದೆ, ಜ್ವರ ನಿಲ್ಲುತ್ತದೆ, ಗಂಟೂ ಕರಗಿದ ಹಾಗೆ ಕಾಣುತ್ತದೆ. ಎಲ್ಲರಿಗೂ ಖುಷಿ. ಆದರೆ ಲಿಂಫೋಮಾ ಕಣಗಳು ಸ್ಟೀರಾಯ್ಡಿಗೆ ಸಾಯುತ್ತವೆ. ಆಮೇಲೆ ಬಯಾಪ್ಸಿ ತೆಗೆದರೆ ಸತ್ತ ಕಣಗಳೇ ಸಿಕ್ಕು, ಪೆಥಾಲಜಿಸ್ಟ್‌ಗೆ ಯಾವ ಬಗೆ ಅಂತ ಹೇಳಲಾಗುವುದಿಲ್ಲ. ರಕ್ತದ ಲೆಕ್ಕವೂ ಕೆಟ್ಟುಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ಅಂಥ ರಕ್ತದಿಂದ ತೆಗೆದ ಅನುಪಾತ ಹೇಳೋದು ರೋಗದ ಕಥೆಯಲ್ಲ, ಇಂಜೆಕ್ಷನ್ನಿನ ಕಥೆ. ನಮ್ಮ ಕೌಂಟರಿಗೆ ಬರುವ ಚೀಟಿಯಲ್ಲಿ ‘ಸ್ಟೀರಾಯ್ಡ್ ಕೊಟ್ಟಿದೆಯೇ’ ಅನ್ನುವ ಒಂದು ಸಾಲು ಇದ್ದರೆ ಇದನ್ನು ಹಿಡಿಯಬಹುದಿತ್ತು.

ಇದರ ಜೊತೆಗೆ ಟಿಬಿ. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟು ಅಂದರೆ ಮೊದಲು ಟಿಬಿ ನೆನಪಾಗೋದು ತಪ್ಪಲ್ಲ. ಅದು ಅಷ್ಟು ಸಾಮಾನ್ಯ. ಆದರೆ ಇಎಸ್‌ಆರ್ ಏರಿದೆ, ಜ್ವರ ಇದೆ ಅನ್ನುವಷ್ಟಕ್ಕೇ ಬಯಾಪ್ಸಿ ಇಲ್ಲದೆ ಟಿಬಿ ಮಾತ್ರೆ ಶುರು ಮಾಡಿ ತಿಂಗಳುಗಟ್ಟಲೆ ಕಾಯೋದು ತಪ್ಪು. ಇಎಸ್‌ಆರ್ ಎರಡರಲ್ಲೂ ಏರುತ್ತದೆ, ರಕ್ತಹೀನತೆಯಲ್ಲೂ ಏರುತ್ತದೆ. ಒಂದು ಮಾತು ಸಾರ್ವಜನಿಕರಿಗೂ ಕೇಳಿಸಲಿ. ಈ ಪತ್ರದಲ್ಲಿ ನಾನು ಹೇಳುತ್ತಿರುವ ಯಾವ ರಕ್ತ ಪರೀಕ್ಷೆಯೂ ಲಿಂಫೋಮಾ ಇದೆ ಅಂತಾಗಲಿ, ಇಲ್ಲ ಅಂತಾಗಲಿ ಹೇಳಲಾರದು. ಎಲ್ಲವೂ ಮಾಮೂಲಿ ಬಂದವರಿಗೂ ಲಿಂಫೋಮಾ ಇರಬಹುದು. ಅದನ್ನು ಹೇಳೋದು ಗಂಟಿನ ಬಯಾಪ್ಸಿ. ಸೂಜಿ ಚುಚ್ಚಿ ತೆಗೆಯುವ ಎಫ್‌ಎನ್‌ಎಸಿ ಸಾಮಾನ್ಯವಾಗಿ ಸಾಲದು, ಗಂಟನ್ನೇ ತೆಗೆದೋ ದಪ್ಪ ಸೂಜಿಯಲ್ಲಿ ತುಂಡು ತೆಗೆದೋ ನೋಡಬೇಕು. ಲಿಂಫೋಮಾ ಅಂತ ಗೊತ್ತಾದಮೇಲೆ ಮುಂದೇನಾಗಬಹುದು ಅಂತ ಅಂದಾಜಿಸೋಕೆ ಮಾತ್ರ ರಕ್ತದ ಅಂಕಿಗಳು.

ಇಲ್ಲಿ ಬಿ12 ಬಗ್ಗೆ ಒಂದು ಮಾತು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದು ತೀವ್ರವಾದರೆ ಎಲ್‌ಡಿಎಚ್ ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ರಕ್ತಕಣಗಳೆಲ್ಲಾ ಕಡಿಮೆಯಾಗಿ, ಎಲ್‌ಡಿಎಚ್ ಮುಗಿಲು ಮುಟ್ಟಿದ ರಿಪೋರ್ಟನ್ನು ಮೊಬೈಲ್‌ನಲ್ಲಿ ಹುಡುಕಿ ನೋಡಿ, ಕ್ಯಾನ್ಸರೇ ಅಂತ ಅತ್ತವರನ್ನು ನೋಡಿದ್ದೇನೆ. ಕೆಲವು ಇಂಜೆಕ್ಷನ್‌ಗೆ ಸರಿಹೋಗುವ ಕಾಯಿಲೆ ಅದು.

ನಮ್ಮ ಜನಕ್ಕೆ ಪಶ್ಚಿಮದ ಗೆರೆಗಳು ಹೊಂದುತ್ತವಾ ಅನ್ನೋದೂ ಪ್ರಶ್ನೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇದೆ. ನಮ್ಮ ರಾಜ್ಯದಲ್ಲೂ ಹತ್ತಿರ ಅರ್ಧ. ಹಾಡ್ಜ್‌ಕಿನ್ ಬಂದ ಹೆಣ್ಣುಮಗಳ ಹಿಮೋಗ್ಲೋಬಿನ್ 9 ಅಂದರೆ ಅದು ಕಾಯಿಲೆಯ ಆರ್ಭಟವೋ, ವರ್ಷಗಳಿಂದ ಇದ್ದ ಕಬ್ಬಿಣದ ಕೊರತೆಯೋ? ಜರ್ಮನಿಯ ರೋಗಿಗೆ ಕೊಟ್ಟಷ್ಟೇ ತೂಕ ಆ ಅಂಕಿಗೆ ಇಲ್ಲೂ ಕೊಡಬೇಕಾ? ಇದಕ್ಕೆ ಉತ್ತರ ನಮ್ಮ ರೋಗಿಗಳಿಂದಲೇ ಬರಬೇಕು. ಬೆಂಗಳೂರಿನಲ್ಲಿ ಕ್ಯಾನ್ಸರ್ ನೋಂದಣಿ 1980ರ ದಶಕದ ಆರಂಭದಿಂದ ನಡೆಯುತ್ತಿದೆ. ದೇಶದ ಮೊದಲ ಕೆಲವು ನೋಂದಣಿಗಳಲ್ಲಿ ಅದೂ ಒಂದು. ಕಿದ್ವಾಯಿಗೆ ರಾಜ್ಯದ ಮೂಲೆಮೂಲೆಯಿಂದ ಲಿಂಫೋಮಾ ರೋಗಿಗಳು ಬರುತ್ತಾರೆ. ಅವರ ಮೊದಲ ರಕ್ತದ ಅಂಕಿಗಳು ಸರಿಯಾಗಿ, ಒಂದೇ ರೀತಿಯಲ್ಲಿ, ಮಿತಿಯ ಸಮೇತ ದಾಖಲಾಗಿದ್ದರೆ ನಮ್ಮದೇ ಲೆಕ್ಕ ಮಾಡಬಹುದು. ಅದಿಲ್ಲದೆ ಇನ್ನೊಂದು ಸಂಶೋಧನಾ ಪ್ರಬಂಧ ಬಂದರೂ ಅದು ಹಳೇ ಫೈಲ್‌ಗಳ ಅರೆಬರೆ ಅಂಕಿಗಳ ಮೇಲೆಯೇ ನಿಂತಿರುತ್ತದೆ.

‘ಸರಿ, ಅಪಾಯ ಜಾಸ್ತಿ ಅಂತ ಗೊತ್ತಾಯಿತು, ಅದರಿಂದ ಏನಾಗಬೇಕು?’ ಅಂತ ನೀವು ಕೇಳಬಹುದು. ಬಹಳ ಆಗುತ್ತದೆ. ಎಲ್‌ಡಿಎಚ್ ತುಂಬಾ ಏರಿದ, ಗಡ್ಡೆಯ ಹೊರೆ ಜಾಸ್ತಿ ಇರುವ ರೋಗಿಗೆ ಮೊದಲ ಕೀಮೋ ಕೊಟ್ಟ ಕೂಡಲೇ ಕಣಗಳು ಒಮ್ಮೆಲೇ ಒಡೆದು ಯೂರಿಕ್ ಆಮ್ಲ, ಪೊಟ್ಯಾಶಿಯಂ ಏರಿ ಕಿಡ್ನಿ ನಿಲ್ಲಬಹುದು. ಅಂಥವರನ್ನು ಬೆಳಗ್ಗೆ ಬಂದು ಸಂಜೆ ಹೋಗುವ ಡೇ ಕೇರ್‌ನಲ್ಲಿ ಬಿಡದೆ ದಾಖಲು ಮಾಡಿಕೊಂಡು, ಡ್ರಿಪ್ ಹಾಕಿ, ಮಾತ್ರೆ ಕೊಟ್ಟು ಶುರು ಮಾಡುತ್ತಾರೆ. ಅಂಕ ಜಾಸ್ತಿ ಇದ್ದವರಲ್ಲಿ ಕಾಯಿಲೆ ಮೆದುಳಿಗೆ ಹೋಗುವ ಸಂಭವವೂ ಜಾಸ್ತಿ, ಅದನ್ನು ಅಂದಾಜಿಸುವ ಲೆಕ್ಕ 2016ರಿಂದ ಇದೆ. ಅದರಲ್ಲೂ ಎಲ್‌ಡಿಎಚ್‌ಗೆ ಒಂದು ಅಂಕ. ಆಲ್ಬುಮಿನ್ ಇಳಿದವರಿಗೆ ಮೊದಲಿನಿಂದಲೇ ಊಟದ ಕಡೆ ಗಮನ ಕೊಡಬಹುದು. ಬೀದರ್‌ನಿಂದ ಸುಮಾರು 700 ಕಿಲೋಮೀಟರ್ ಬರುವ ರೋಗಿಗಳಲ್ಲಿ ಯಾರನ್ನು ನಾಳೆಯೇ ನೋಡಬೇಕು, ಯಾರು ಮುಂದಿನ ವಾರದವರೆಗೆ ಕಾಯಬಹುದು ಅಂತ ಸರದಿ ಮಾಡೋದಕ್ಕೂ ಇದು ನೆರವಾಗುತ್ತದೆ.

ಈ ಅಂಕಿಗಳನ್ನು ಬಳಸಬಾರದ ಕಡೆಯೂ ಒಂದಿದೆ. ಅದನ್ನು ಸುತ್ತೋಲೆಯಲ್ಲಿ ಕಪ್ಪಕ್ಷರದಲ್ಲೇ ಬರೆಯಬೇಕು ಅಂತ ನನ್ನ ಆಗ್ರಹ. ಅರವತ್ತು ದಾಟಿದ ರೈತರೊಬ್ಬರನ್ನು ‘ರಿಪೋರ್ಟ್ ಚೆನ್ನಾಗಿಲ್ಲ, ಸುಮ್ನೆ ಯಾಕೆ ದುಡ್ಡು ಖರ್ಚು ಮಾಡ್ತೀರಿ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ’ ಅಂತ ಒಂದು ಆಸ್ಪತ್ರೆಯಲ್ಲಿ ಕಳಿಸಿದ್ದನ್ನು ಅವರ ಮಗನೇ ನನಗೆ ಹೇಳಿದ. ಅಂಕ ಜಾಸ್ತಿ ಅಂದರೆ ಚಿಕಿತ್ಸೆ ಬೇಡ ಅಂತ ಯಾವ ಪುಸ್ತಕದಲ್ಲೂ ಇಲ್ಲ. 1993ರ ಆ ಶೇ. 26 ರಿಟಕ್ಸಿಮ್ಯಾಬ್ ಬರುವ ಮೊದಲಿನದು. 2007ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದವರು ಆರ್-ಚಾಪ್ ಪಡೆದ ರೋಗಿಗಳಲ್ಲಿ ಇದೇ ಅಂಕಗಳನ್ನು ಮತ್ತೆ ನೋಡಿದರು. ಮೂರು, ನಾಲ್ಕು, ಐದು ಅಂಕ ಬಂದ ಕೆಟ್ಟ ಗುಂಪಿನಲ್ಲೂ ನಾಲ್ಕು ವರ್ಷದ ಮೇಲೆ ಶೇ. 55 ಜನ ಬದುಕಿದ್ದರು. ಅರ್ಧಕ್ಕಿಂತ ಜಾಸ್ತಿ! 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 80 ವರ್ಷ ದಾಟಿದವರ ಮೇಲೆ ನಡೆದದ್ದು. ಆರ್-ಚಾಪ್‌ನ ಕೀಮೋ ಪ್ರಮಾಣ ತಗ್ಗಿಸಿ ಕೊಟ್ಟರು. ಎರಡು ವರ್ಷದ ಮೇಲೆ ಶೇ. 59 ಜನ ಇದ್ದರು. ಎಂಬತ್ತು ದಾಟಿದವರ ಮಾತು ಇದು. ಅರವತ್ತೈದರ ರೈತರಿಗೆ ಯಾಕೆ ಇಲ್ಲ?

ಕೌಂಟರಿನ ಆ ಕಡೆಯಿಂದ ‘ಎಷ್ಟು ದಿನ ಇರ್ತಾರೆ ಸಾರ್?’ ಅಂತ ಮನೆಯವರು ನನ್ನನ್ನೂ ಕೇಳುತ್ತಾರೆ. ಡಾಕ್ಟರ್ ಹತ್ತಿರ ಕೇಳೋಕೆ ಹೆದರಿಕೆ, ಲ್ಯಾಬ್‌ನವರು ಹೇಳಬಹುದು ಅನ್ನೋ ಆಸೆ. ಈಗ ಮೊಬೈಲ್‌ನಲ್ಲೇ ಅನುಪಾತ ಲೆಕ್ಕ ಹಾಕಿಕೊಂಡು ಬರುವವರೂ ಇದ್ದಾರೆ. ಅವರಿಗೆ ನಾನು ಹೇಳೋದು ಇಷ್ಟೇ: ಶೇ. 55 ಅನ್ನೋದು ನೂರಾರು ಜನರ ಗುಂಪಿನ ಲೆಕ್ಕ. ನಿಮ್ಮ ತಂದೆ ಆ ಐವತ್ತೈದರಲ್ಲೋ, ಮಿಕ್ಕ ನಲವತ್ತೈದರಲ್ಲೋ ಅಂತ ಯಾವ ಟ್ಯೂಬಿನಲ್ಲೂ ಬರೆದಿರುವುದಿಲ್ಲ. ಹಲ್ಲುನೋವು, ನೆಗಡಿ ಜ್ವರಕ್ಕೂ ಆ ಅನುಪಾತ ಏರುತ್ತದೆ. ಅದನ್ನು ನೋಡಿ ಕೀಮೋ ಬಿಡಬೇಡಿ.

ಮುಂಬೈನ ಐಐಟಿ ಮತ್ತು ಟಾಟಾ ಆಸ್ಪತ್ರೆ ಸೇರಿ ಮಾಡಿದ, ರೋಗಿಯ ಪ್ರತಿರೋಧ ಕಣಗಳನ್ನೇ ಮಾರ್ಪಡಿಸಿ ಕ್ಯಾನ್ಸರ್ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಾಗ ಪೇಪರ್‌ಗಳಲ್ಲಿ ದೊಡ್ಡ ಸುದ್ದಿ. ಹೆಮ್ಮೆಯ ವಿಷಯವೇ, ಅನುಮಾನ ಇಲ್ಲ. 2025ರ ಕೇಂದ್ರ ಬಜೆಟ್‌ನಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವ ಘೋಷಣೆಯಾಯಿತು, ಮೊದಲ ವರ್ಷಕ್ಕೆ 200. ನಮ್ಮ ರಾಜ್ಯದಲ್ಲೂ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರುವಾಗಿದೆ. ಸ್ವಾಗತ. ಆದರೆ ಕೀಮೋ ಜಿಲ್ಲೆಗೆ ಬಂದಮೇಲೆ ಅದರ ಲ್ಯಾಬ್ ಕೂಡ ಆ ಮಟ್ಟಕ್ಕೆ ಬರಬೇಕಲ್ವಾ? ಎಲ್‌ಡಿಎಚ್ ಕಿಟ್ ಮುಗಿದಿದೆ, ಹೊರಗೆ ಮಾಡಿಸಿ ಅನ್ನುವ ಚೀಟಿ ಇನ್ನೂ ನಿಂತಿಲ್ಲ. ಹೊರಗಿನ ಲ್ಯಾಬ್ ಅಂದರೆ ಬೇರೆ ವಿಧಾನ, ಬೇರೆ ಮಿತಿ. ಮತ್ತೆ ಅದೇ ಗೋಳು.

ಆದ್ದರಿಂದ ಆ ಒಂದು ಹಾಳೆ ಹೇಗಿರಬೇಕು ಅಂತ ಹೇಳುತ್ತೇನೆ. ಲಿಂಫೋಮಾ ಅನುಮಾನ ಬಂದು ಬಯಾಪ್ಸಿಗೆ ಬರೆದ ದಿನವೇ ರಕ್ತ ತೆಗೆಯಬೇಕು. ಹಾಳೆಯ ತಲೆಯಲ್ಲಿ ತಾರೀಕು, ಗಂಟೆ, ಸ್ಟೀರಾಯ್ಡ್ ಆಗಿದೆಯೇ, ಆಗಿದ್ದರೆ ಯಾವತ್ತು, ಜ್ವರ ಅಥವಾ ಸೋಂಕು ಇದೆಯೇ, ಇಷ್ಟಿರಲಿ. ಕೆಳಗೆ ಸಿಬಿಸಿ, ಶೇಕಡಾ ಮಾತ್ರವಲ್ಲ, ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೋಸೈಟ್‌ಗಳ ಒಟ್ಟು ಸಂಖ್ಯೆ ಸಮೇತ, ಎಣಿಸಿದ್ದು ಯಾವ ಮೆಷಿನ್ ಅಥವಾ ಸ್ಲೈಡ್ ಅಂತ ಕೂಡ. ಎಲ್‌ಡಿಎಚ್, ಪಕ್ಕದಲ್ಲೇ ಆ ಲ್ಯಾಬಿನ ಮೇಲ್ಮಿತಿ, ಮತ್ತು ಸೀರಮ್ ತಿಳಿಯಾಗಿತ್ತೇ ಅನ್ನುವ ಒಂದು ಟಿಕ್. ಆಲ್ಬುಮಿನ್. ವೆಸ್ಟರ್‌ಗ್ರೆನ್ ವಿಧಾನದ ಇಎಸ್‌ಆರ್. ಯೂರಿಕ್ ಆಮ್ಲ, ಕ್ರಿಯಾಟಿನಿನ್. ಅದೇ ಸೂಜಿಯಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಕೂಡ ಆಗಲಿ. ಹೆಪಟೈಟಿಸ್ ಬಿಗೆ ಮೇಲ್ಮೈ ಆಂಟಿಜೆನ್ ಒಂದೇ ಸಾಲದು, ಕೋರ್ ಆಂಟಿಬಾಡಿಯನ್ನೂ ನೋಡಬೇಕು. ಹಿಂದೆ ಯಾವಾಗಲೋ ಬಂದು ಹೋದ ವೈರಸ್ ರಿಟಕ್ಸಿಮ್ಯಾಬ್ ಕೊಟ್ಟಾಗ ಮತ್ತೆ ಎದ್ದು ಲಿವರ್ ಹಾಳು ಮಾಡಬಹುದು. ಅಮೆರಿಕದ ಔಷಧ ಇಲಾಖೆ 2013ರಲ್ಲೇ ಇದನ್ನು ಔಷಧದ ಮೇಲೆ ಕಪ್ಪು ಚೌಕದ ಎಚ್ಚರಿಕೆಯಾಗಿ ಹಾಕಿಸಿದೆ.

ಈ ಹಾಳೆಯ ಒಂದು ಪ್ರತಿ ರೋಗಿಯ ಕೈಗೆ, ಒಂದು ಲ್ಯಾಬಿನಲ್ಲಿ, ಒಂದು ಆನ್‌ಲೈನ್‌ನಲ್ಲಿ ಅವರನ್ನು ಕಳಿಸುವ ಆಸ್ಪತ್ರೆಗೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಡಿ ರೆಫರಲ್ ಮಾಡುವಾಗ ಇದನ್ನೂ ಜೊತೆಗೆ ಹಾಕಬೇಕು ಅಂತ ನಿಯಮ ಮಾಡಿದರೆ ತಾನಾಗೇ ಜಾರಿಗೆ ಬರುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಯೋಜನೆಗೆ ಈ ಹಾಳೆಯ ಖರ್ಚು ಲೆಕ್ಕಕ್ಕೇ ಬಾರದು. ಹಾಳೆ ತಂದ ರೋಗಿಗೆ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಮತ್ತೆ ರಕ್ತ ತೆಗೆಯಬೇಕಾಗಿ ಬರಬಹುದು, ಬರಲಿ. ಆದರೆ ಮೊದಲ ಅಂಕಿ ಮತ್ತು ಎರಡನೇ ಅಂಕಿ ಪಕ್ಕಪಕ್ಕ ಸಿಕ್ಕರೆ ಕಾಯಿಲೆ ಎಷ್ಟು ಬೇಗ ಓಡುತ್ತಿದೆ ಅನ್ನುವುದೂ ವೈದ್ಯರಿಗೆ ಗೊತ್ತಾಗುತ್ತದೆ. ಅದು ಈಗ ಯಾರಿಗೂ ಗೊತ್ತಾಗುತ್ತಿಲ್ಲ.

ಹಾಳೆಯ ಹಿಂದೆ ಎರಡು ಸಾಲು ಅಚ್ಚಾಗಿರಲಿ. ‘ಈ ಅಂಕಿಗಳು ರೋಗ ಪತ್ತೆಗಲ್ಲ. ಇವುಗಳ ಆಧಾರದ ಮೇಲೆ ಯಾರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ.’ ಇಲಾಖೆಯ ಮುದ್ರೆ ಇರಲಿ.

ಇಂಥ ಹಾಳೆಯೊಂದನ್ನು ನಮ್ಮ ಲ್ಯಾಬಿನಲ್ಲಿ ಜೆರಾಕ್ಸ್ ಮಾಡಿ ಆಗಲೇ ಬಳಸುತ್ತಿದ್ದೇವೆ, ಅಧಿಕೃತವಾಗಿ ಏನಲ್ಲ. ನಮ್ಮ ಪೆಥಾಲಜಿಸ್ಟ್ ಮೇಡಂ ಅದನ್ನು ತಿದ್ದಿ ಕೊಟ್ಟಿದ್ದಾರೆ. ನಿಮ್ಮ ಅಧಿಕಾರಿಗಳು ಕೇಳಿದರೆ ಅದೇ ದಿನ ಕಳಿಸಿಕೊಡುತ್ತೇನೆ. ಅದನ್ನು ಕಿದ್ವಾಯಿಯ ಲಿಂಫೋಮಾ ವೈದ್ಯರ ಮುಂದೆ ಇಟ್ಟು, ಬೇಡದ್ದನ್ನು ಹೊಡೆದುಹಾಕಿ, ಬಿಟ್ಟದ್ದನ್ನು ಸೇರಿಸಿ, ಮುಂದಿನ ಔಷಧ ಖರೀದಿ ಟೆಂಡರ್ ಹೊತ್ತಿಗೆ ಎಲ್‌ಡಿಎಚ್ ಕಿಟ್‌ನ ಇಂಡೆಂಟ್ ಜೊತೆಯಲ್ಲೇ ಎಲ್ಲಾ ಜಿಲ್ಲೆಗೂ ಕಳಿಸಿ.

ಇಂತಿ,
ಜಿಲ್ಲಾ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಾಲಜಿಸ್ಟ್